ಹುಳು ಕೊರೆದ ಅಕ್ಷರ

ಆರು ವರ್ಷಗಳ ಹಿಂದಿನ ಒಂದು ಜುಲೈ ಸಂಜೆ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಬೋರ್ಡು ಇಟ್ಟುಕೊಂಡು ನಾನು ಜಲವರ್ಣದಲ್ಲಿ ಮಲಂಗಗಡದ ಚಿತ್ರ ಬರೆಯುತ್ತಿದ್ದೆ. ಮೋಡ ಸರಿದ ದಿನಗಳಲ್ಲಿ ನಮ್ಮ ಕಟ್ಟಡದ ತಾರಸಿಯಿಂದ ಆ ಬೆಟ್ಟ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಅಲ್ಲಿ ನಿಂತು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದೆ. ಬೋರ್ಡಿನ ಮೇಲೆ ಟೇಪು ಅಂಟಿಸಿ ಬಿಗಿದ ಅರ್ಧ ಹಾಳೆ, ಮುನ್ನೂರು ಜಿಎಸ್‌ಎಂ ತೂಕದ ಹತ್ತಿಯ ಕಾಗದ. ಆಕಾಶದ ಭಾಗಕ್ಕೆ ಪ್ರಶ್ಯನ್ ನೀಲಿಗೆ ಚೂರು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿ, ಚಪ್ಪಟೆ ಕುಂಚದಲ್ಲಿ ಮೇಲಿನಿಂದ ಕೆಳಕ್ಕೆ ಒಂದೇ ಸಮನಾದ ವಾಶ್ (ನೀರು ಬೆರೆಸಿದ ಬಣ್ಣದ ತೆಳು ಲೇಪ) ಕೊಟ್ಟು ಮುಗಿಸಿದ್ದೆ. ಹಾಗೆ ಸಮನಾದ ವಾಶ್ ಮಳೆಗಾಲದಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಮನಸ್ಸಿಗೆ ಸಮಾಧಾನವಾಗಿತ್ತು. ಕಾಗದದ ಮೇಲಿನ ನೀರಿನ ಹೊಳಪು ಮಾಯವಾಗುವ ಹೊತ್ತಿಗೆ ಮಳೆ ಸುರಿಯಿತು. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಬಾಲ್ಕನಿಗೆ ಓಡಿ, ಹಗ್ಗದ ಮೇಲಿದ್ದ ಬಟ್ಟೆಗಳನ್ನೆಲ್ಲ ಬಾಚಿ ತೋಳಿನ ಮೇಲೆ ಹಾಕಿಕೊಂಡು ಒಳಗೆ ಬಂದರು. ಮೇಜನ್ನು ದಾಟುವಾಗ ಆ ಬಟ್ಟೆಗಳ ಅಂಚಿನಿಂದ ಮೂರೋ ನಾಲ್ಕೋ ಹನಿ, ಬೆಟ್ಟದ ನೆತ್ತಿಗೆ ಸರಿಯಾಗಿ ಮೇಲೆ, ಆಕಾಶದ ಮೇಲೆ ಬಿದ್ದವು.

ಆಮೇಲೆ ನಡೆದದ್ದು ಒಂದು ನಿಮಿಷದೊಳಗಿನ ಕೆಲಸ, ಆದರೆ ಅದನ್ನು ನಾನು ಇವತ್ತಿಗೂ ಬಿಡಿಬಿಡಿಯಾಗಿ ಹೇಳಬಲ್ಲೆ. ಹನಿ ಬಿದ್ದ ಕೂಡಲೇ ಅದರ ನಡುವಿನ ಬಣ್ಣ ತೆಳುವಾಗಿ ಕಾಗದದ ಬಿಳಿ ಹೊರಗೆ ಇಣುಕಿತು. ನೀರು ಸುತ್ತಲೂ ಹರಡುತ್ತ ತನ್ನ ಮುಂದಿದ್ದ ನೀಲಿಯ ಕಣಗಳನ್ನು ತಳ್ಳಿಕೊಂಡು ಹೋಯಿತು. ಎಲ್ಲಿ ಕಾಗದದ ನಾರು ಒಣಗಿತ್ತೋ ಅಲ್ಲಿ ಅದಕ್ಕೆ ಮುಂದೆ ಹೋಗಲು ಆಗಲಿಲ್ಲ. ಎಲ್ಲಿ ಇನ್ನೂ ತೇವವಿತ್ತೋ ಅಲ್ಲಿ ಬೆರಳಿನ ಹಾಗೆ ಉದ್ದವಾಗಿ ನುಗ್ಗಿತು. ಹೀಗೆ ಹಲ್ಲುಹಲ್ಲಾದ ಒಂದು ಅಂಚು ಮೂಡಿ, ಅಂಚಿನಲ್ಲಿ ನೀಲಿ ಗಾಢವಾಗಿ ಕೂತು, ಒಳಗೆಲ್ಲ ಬೂದಿಬಣ್ಣದ ಬೆಳಕು ಉಳಿಯಿತು. ಜಲವರ್ಣದವರು ಇದನ್ನು ಹೂಕೋಸು ಎನ್ನುತ್ತಾರೆ, ಶಾಲೆಯಲ್ಲಿ ಕಲಿಸುವವರು ತಪ್ಪು ಎಂದು ಕಲಿಸುತ್ತಾರೆ. ನಾನು ಒರೆಸುವ ಬಟ್ಟೆಗೆ ಕೈ ಹಾಕಿದ್ದೆ.

ಅಮ್ಮ ಬಟ್ಟೆಯ ಹೊರೆ ಹಿಡಿದುಕೊಂಡೇ ನಿಂತು ನೋಡುತ್ತಿದ್ದವರು, ‘ತಡಿ ಮಾರಾಯ್ತಿ, ಒರೆಸ್ಬೇಡ. ಕುಂದಾದ್ರಿ ಮೇಲೆ ಮಳೆ ಇಳಿಯೋದು ಹೀಗೇ ಅಲ್ವಾ?’ ಎಂದರು.

‘ಅಮ್ಮ, ಇದು ಕುಂದಾದ್ರಿ ಅಲ್ಲ, ಮಲಂಗಗಡ.’

‘ಯಾವ ಗುಡ್ಡ ಆದ್ರೇನು, ಮಳೆ ಒಂದೇ ಅಲ್ವಾ. ನೋಡು, ಅಲ್ಲಿ ದಪ್ಪ ಮಳೆ ಬಂದಾಗಿದೆ, ಇಲ್ಲಿ ಇನ್ನೂ ಬರ್ತಾ ಇದೆ.’

ನೋಡಿದೆ. ಅವರು ಬೆರಳು ತೋರಿಸಿದಲ್ಲಿ ನಿಜವಾಗಿಯೂ ಮಳೆ ಇತ್ತು. ನಾನು ಬರೆಯಬೇಕೆಂದಿದ್ದ ಆಕಾಶಕ್ಕಿಂತ ಅದು ಎಷ್ಟೋ ಸತ್ಯವಾದ ಆಕಾಶವಾಗಿತ್ತು. ನಾನು ಬಟ್ಟೆಯನ್ನು ಕೆಳಗಿಟ್ಟೆ. ಬೆಟ್ಟವನ್ನು ಮೊದಲು ಅಂದುಕೊಂಡದ್ದಕ್ಕಿಂತ ಗಾಢವಾಗಿ ಬರೆದು, ನೆತ್ತಿಯ ರೇಖೆಯನ್ನು ಆ ಬೂದಿ ಬೆಳಕಿನಲ್ಲಿ ಕರಗಿಸಿಬಿಟ್ಟೆ. ಮಿಕ್ಕ ಕೆಲಸವೆಲ್ಲ ಆ ಕಲೆಗೆ ತಕ್ಕಂತೆ ನಡೆಯಿತು.

ಅಂದಿನಿಂದ ನನ್ನನ್ನು ಬಿಡದೆ ಕಾಡಿರುವ ಪ್ರಶ್ನೆ ಇದು: ಆ ಚಿತ್ರವನ್ನು ಬರೆದವರು ಯಾರು? ಹನಿ ಬೀಳಿಸಿದ್ದು ಅಮ್ಮ, ಆದರೆ ಅವರಿಗೆ ಬೀಳಿಸುವ ಉದ್ದೇಶವಿರಲಿಲ್ಲ. ಆಕಾರ ಕೊಟ್ಟದ್ದು ನೀರು, ಅದಕ್ಕೆ ಉದ್ದೇಶವೆಂಬುದೇ ಇಲ್ಲ. ನಾನು ಮಾಡಿದ್ದು ಒರೆಸದೆ ಇದ್ದದ್ದು, ಅದೂ ಇನ್ನೊಬ್ಬರು ಹೇಳಿದ ಮೇಲೆ.

‘ಅಕಸ್ಮಾತ್’ ಎಂಬ ಪದವನ್ನು ನಾವು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಬಿಡಿಸಿದರೆ ಅದಕ್ಕೆ ‘ಯಾವುದರಿಂದಲೂ ಅಲ್ಲ’ ಎಂಬ ಅರ್ಥ, ಅಂದರೆ ಕಾರಣವಿಲ್ಲದೆ ಒದಗಿದ್ದು. ಆದರೆ ಚಿತ್ರದ ಮೇಲಿನ ಕಲೆಗೆ ಕಾರಣವಿಲ್ಲ ಎನ್ನುವುದು ಸರಿಯಲ್ಲ. ನೀರಿನ ಹನಿ ಒಣಗುವಾಗ ಅದರ ಅಂಚು ಕಾಗದಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಅಂಚಿನಲ್ಲಿ ಆವಿಯಾಗುವ ವೇಗ ಹೆಚ್ಚಾದ್ದರಿಂದ, ಆ ನಷ್ಟವನ್ನು ತುಂಬಲು ನಡುವಿನ ನೀರು ಹೊರಕ್ಕೆ ಹರಿಯುತ್ತ ಕಣಗಳನ್ನೂ ಹೊತ್ತೊಯ್ದು ಅಲ್ಲಿ ರಾಶಿ ಹಾಕುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿಯ ಹನಿ ಒಣಗಿದಾಗ ಸುತ್ತಲೂ ಕಪ್ಪು ಉಂಗುರ ಉಳಿಯುವುದು ಇದೇ ಕಾರಣಕ್ಕೆ. ಎಲ್ಲರೂ ಎಂದಿನಿಂದಲೂ ಕಂಡಿದ್ದ ಈ ಸಂಗತಿಗೆ ಸರಿಯಾದ ವಿವರಣೆಯನ್ನು ಶಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಕಟಿಸಿದ್ದು 1997ರಲ್ಲಿ. ಆದ್ದರಿಂದ ಆಕಸ್ಮಿಕ ಎಂದು ನಾವು ಕರೆಯುವುದು ಕಾರಣವಿಲ್ಲದ್ದನ್ನಲ್ಲ. ಕಾರಣ ನಮ್ಮ ಕೈಯಲ್ಲಿ ಇಲ್ಲದ್ದನ್ನು. ನೀರು, ನಾರು, ಗಾಳಿಯ ತೇವ ಇವುಗಳಿಗೆ ತಮ್ಮದೇ ಕಟ್ಟಳೆಗಳಿವೆ, ಚಿತ್ರಕಾರ ಆ ಕಟ್ಟಳೆಗಳ ನಡುವೆ ಕೆಲಸ ಮಾಡುತ್ತಾನೆ.

ನಮ್ಮ ಹಳಬರಿಗೆ ಇಂಥ ಸಂಗತಿಗಳ ಬಗ್ಗೆ ಎರಡು ನ್ಯಾಯಗಳಿದ್ದವು. ಒಂದು ಎಲ್ಲರಿಗೂ ಗೊತ್ತಿರುವ ಕಾಕತಾಳೀಯ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತು ಎಂದು ಆಡುಮಾತಿನಲ್ಲಿ ಹೇಳುತ್ತೇವಲ್ಲ, ಅದು. ಇನ್ನೊಂದು ಘುಣಾಕ್ಷರ ನ್ಯಾಯ. ಘುಣವೆಂದರೆ ಮರ ಕೊರೆಯುವ ಹುಳು. ಅದು ತನ್ನ ಹೊಟ್ಟೆಪಾಡಿಗೆ ಮರವನ್ನೋ ತಾಳೆಗರಿಯನ್ನೋ ಕೊರೆಯುತ್ತ ಹೋಗುತ್ತದೆ, ಕೊರೆದ ದಾರಿ ಎಲ್ಲೋ ಒಂದು ಕಡೆ ಅಕ್ಷರದ ರೂಪ ತಾಳುತ್ತದೆ. ಹುಳುವಿಗೆ ಅಕ್ಷರ ಬಾರದು. ಆ ನ್ಯಾಯವನ್ನು ಸಾಮಾನ್ಯವಾಗಿ ‘ತಿಳಿಯದೆ ಒದಗಿದ ಫಲ’ ಎಂಬ ಅರ್ಥದಲ್ಲಿ, ಸ್ವಲ್ಪ ಹಗುರಾಗಿಯೇ ಬಳಸುತ್ತಾರೆ. ಆದರೆ ಅದರೊಳಗೆ ಹೇಳದೆ ಬಿಟ್ಟ ಮೂರನೆಯವನೊಬ್ಬನಿದ್ದಾನೆ ಎಂದು ನನಗೆ ತೋರುತ್ತದೆ: ಆ ಮರದ ತುಂಡನ್ನು ಕೈಗೆತ್ತಿಕೊಂಡು, ಇದು ‘ಗ’ಕಾರ ಎಂದು ಓದಿದವನು. ಓದು ಬಾರದವನ ಮನೆಯ ತೊಲೆಯಲ್ಲಿ ಹುಳು ಇಡೀ ಕಾಗುಣಿತವನ್ನು ಕೊರೆದಿಟ್ಟರೂ ಅಲ್ಲಿ ಅಕ್ಷರವಿಲ್ಲ. ಚಿತ್ರ ಬರೆಯುವವರು ಒಂದೇ ಸಂಜೆಯಲ್ಲಿ ಹುಳುವೂ ಆಗಬೇಕು, ಓದುವವರೂ ಆಗಬೇಕು. ಕಷ್ಟವಿರುವುದು ಎರಡನೆಯದರಲ್ಲಿ. ಅಂದು ನಮ್ಮ ಮನೆಯಲ್ಲಿ ಓದಿದವರು ಅಮ್ಮ. ಐವತ್ತು ಮಳೆಗಾಲ ಕುಂದಾದ್ರಿಯ ಕಡೆ ನೋಡುತ್ತ ಅಡಿಗೆ ಮಾಡಿದ ಕಣ್ಣು ಅದು.

ಪಶ್ಚಿಮದವರಲ್ಲಿಯೂ ಇದೇ ಮಾತು ಬೇರೆ ವೇಷದಲ್ಲಿ ಬಂದಿದೆ. ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಪ್ರೊಟೊಜೆನಿಸ್ ಎಂಬ ಗ್ರೀಕ್ ಚಿತ್ರಕಾರನ ಕಥೆಯನ್ನು ಹೇಳುತ್ತಾನೆ. ಏದುಸಿರು ಬಿಡುವ ನಾಯಿಯೊಂದರ ಬಾಯಿಯ ನೊರೆಯನ್ನು ಬರೆಯಲು ಎಷ್ಟು ಹೆಣಗಿದರೂ ಅದು ಬರೆದ ನೊರೆಯಂತೆಯೇ ಕಾಣುತ್ತಿತ್ತಂತೆ, ನಾಯಿಯಿಂದ ಬಂದ ನೊರೆಯಂತೆ ಕಾಣಲಿಲ್ಲವಂತೆ. ಕೊನೆಗೆ ರೇಗಿ, ಬಣ್ಣ ಒರೆಸುವ ಸ್ಪಂಜನ್ನೇ ಚಿತ್ರದ ಮೇಲೆ ಎಸೆದ. ಅದು ತಾಗಿದ ಗುರುತೇ ಅವನು ಬಯಸಿದ್ದ ನೊರೆಯಾಯಿತು. ಲಿಯೊನಾರ್ಡೊ ಡ ವಿಂಚಿ ತನ್ನ ಬರಹಗಳಲ್ಲಿ, ತೇವದ ಕಲೆ ಹಿಡಿದ ಗೋಡೆಗಳನ್ನು ದಿಟ್ಟಿಸಿ ನೋಡಿ, ಅಲ್ಲಿ ಬೆಟ್ಟ, ನದಿ, ಯುದ್ಧ, ಮುಖಗಳು ಕಾಣುತ್ತವೆ ಎಂದು ಕಲಿಯುವವರಿಗೆ ಸಲಹೆ ಕೊಡುತ್ತಾನೆ. ಮುಂಬಯಿಯಲ್ಲಿ ಇರುವವರಿಗೆ ಈ ಸಲಹೆ ಪಾಲಿಸುವುದು ಬಹಳ ಸುಲಭ. ಆಗಸ್ಟ್ ಬಂತೆಂದರೆ ಪ್ರತಿ ಮನೆಯಲ್ಲೂ ಇಂಥದೊಂದು ಗೋಡೆ ಇರುತ್ತದೆ. ಆದರೆ ಲಿಯೊನಾರ್ಡೊ ಅದರ ಜೊತೆಗೇ ಹೇಳಿದ ಎಚ್ಚರಿಕೆಯನ್ನು ಉದ್ಧರಿಸುವವರು ಕಡಿಮೆ. ಕಲೆಗಳು ಹೊಸ ಕಲ್ಪನೆಯನ್ನು ಕೊಟ್ಟಾವು, ಒಂದು ವಿವರವನ್ನಾದರೂ ಪೂರ್ತಿಗೊಳಿಸುವುದನ್ನು ಕಲಿಸಲಾರವು ಎಂಬುದು ಅದರ ತಾತ್ಪರ್ಯ. ನನಗೆ ಮೊದಲಿನ ಸಲಹೆಗಿಂತ ಈ ಎಚ್ಚರಿಕೆಯೇ ಹೆಚ್ಚು ಬೆಲೆಯುಳ್ಳದ್ದು.

ಅಂದಿನ ಆ ಚಿತ್ರ ಮುಗಿದ ಮೇಲೆ ಯಾರಿಗಾದರೂ ಆಗುವ ಆಸೆ ನನಗೂ ಆಯಿತು. ಆ ಮಳೆಯನ್ನು ಮತ್ತೊಮ್ಮೆ ಇಳಿಸಬೇಕು ಅನ್ನಿಸಿತು. ಅದೇ ಕಾಗದವನ್ನು ಅಂಗೈಯಗಲದ ನಲವತ್ತು ತುಂಡು ಮಾಡಿ, ಅದೇ ನೀಲಿಯ ವಾಶ್ ಕೊಟ್ಟು, ಔಷಧಿಯ ಡ್ರಾಪರಿನಿಂದ ಬೇರೆ ಬೇರೆ ಹೊತ್ತಿಗೆ ಒಂದೊಂದು ಹನಿ ಬಿಟ್ಟೆ. ಪ್ರತಿ ತುಂಡಿನ ಹಿಂದೆ ವಾಶ್ ಕೊಟ್ಟ ಎಷ್ಟು ನಿಮಿಷಕ್ಕೆ ಹನಿ ಬಿತ್ತು, ಫ್ಯಾನು ಓಡುತ್ತಿತ್ತೋ ಇಲ್ಲವೋ, ಹೊರಗೆ ಮಳೆ ಇತ್ತೋ ಇಲ್ಲವೋ ಎಂದು ಬರೆದಿಟ್ಟೆ. ವಾಶ್ ಹಸಿಯಾಗಿ ಮಿಂಚುತ್ತಿರುವಾಗ ಬಿದ್ದ ಹನಿ ಕರಗಿ ಗುರುತೇ ಇಲ್ಲದಂತಾಗುತ್ತದೆ. ಪೂರ್ತಿ ಒಣಗಿದ ಮೇಲೆ ಬಿದ್ದದ್ದು ಬರಿಯ ದುಂಡು ಬೊಟ್ಟಾಗುತ್ತದೆ. ಹೊಳಪು ಹೋಗಿ, ಮುಟ್ಟಿದರೆ ಕಾಗದ ಇನ್ನೂ ತಣ್ಣಗಿರುವ ಆ ನಡುವಿನ ಹೊತ್ತೊಂದರಲ್ಲೇ ಹೂಕೋಸು ಅರಳುತ್ತದೆ. ಜುಲೈಯಲ್ಲಿ ಆ ಹೊತ್ತು ನಿಧಾನವಾಗಿ ಬಂದು ಬಹಳ ಹೊತ್ತು ನಿಲ್ಲುತ್ತದೆ. ಜನವರಿಯಲ್ಲಿ ಕುಂಚ ತೊಳೆದು ತಿರುಗುವುದರೊಳಗೆ ದಾಟಿಹೋಗುತ್ತದೆ. ಅಲ್ಟ್ರಾಮರೀನ್ ನೀಲಿಯ ಕಣಗಳು ದಪ್ಪವಾಗಿ ಕಾಗದದ ಗುಳಿಗಳಲ್ಲಿ ಕೂತುಬಿಡುತ್ತವಾದ್ದರಿಂದ ಅದರ ಅಂಚು ಮರಳುಮರಳಾಗಿರುತ್ತದೆ. ಪ್ರಶ್ಯನ್ ನೀಲಿಯ ಕಣ ಬಹಳ ನುಣುಪು, ದೂರ ಹೋಗುತ್ತದೆ, ಹೋದಲ್ಲಿ ನಾರಿಗೆ ಅಂಟಿಕೊಂಡರೆ ಮತ್ತೆ ಏಳುವುದಿಲ್ಲ.

ನಲವತ್ತರಲ್ಲಿ ಒಂದೂ ಅಂದಿನ ಮಳೆಯಾಗಲಿಲ್ಲ. ಆದರೆ ನಲವತ್ತು ಮುಗಿಯುವ ಹೊತ್ತಿಗೆ ಆ ನಡುವಿನ ಹೊತ್ತು ನನ್ನ ಬೆರಳಿಗೆ ಗೊತ್ತಾಗಿತ್ತು. ಇನ್ನು ಮುಂದೆ ಹೂಕೋಸು ಬೇಕಾದಾಗ ಬರಿಸಬಲ್ಲೆ, ಬೇಡವಾದಾಗ ತಡೆಯಬಲ್ಲೆ, ಆದರೆ ಅದರ ಆಕಾರವನ್ನು ಮಾತ್ರ ಹೇಳಲಾರೆ. ಇಲ್ಲಿ ನನಗೊಂದು ವಿಷಯ ಹೊಳೆಯಿತು. ಆಕಸ್ಮಿಕವನ್ನು ಕಲಿತ ಕೂಡಲೇ ಅದು ಆಕಸ್ಮಿಕವಾಗಿ ಉಳಿಯುವುದಿಲ್ಲ, ಕೈಗೆ ಬಂದ ಕಸುಬಾಗುತ್ತದೆ. ನಿಜವಾದ ಆಕಸ್ಮಿಕ ಒಂದು ಹೆಜ್ಜೆ ಮುಂದಕ್ಕೆ ಸರಿದು ನಿಂತಿರುತ್ತದೆ.

ಕಳೆದ ಶತಮಾನದ ಚಿತ್ರಕಾರರಾದ ಅಮೆರಿಕದ ಜಾಕ್ಸನ್ ಪೊಲಾಕ್ ಮತ್ತು ಬ್ರಿಟನ್ನಿನ ಫ್ರಾನ್ಸಿಸ್ ಬೇಕನ್ ಇವರಿಬ್ಬರ ಮಾತುಗಳು ಒಂದಕ್ಕೊಂದು ವಿರುದ್ಧವೆಂದು ನಾನು ಬಹಳ ಕಾಲ ತಿಳಿದಿದ್ದೆ. 1947ರ ಸುಮಾರಿಗೆ ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ಕಡ್ಡಿಯಿಂದಲೂ ಡಬ್ಬಿಯಿಂದಲೂ ಬಣ್ಣವನ್ನು ಸುರಿಸುತ್ತ ಅದರ ಸುತ್ತ ನಡೆಯತೊಡಗಿದ ಪೊಲಾಕ್, ಬಣ್ಣದ ಹರಿವು ತನ್ನ ಹತೋಟಿಯಲ್ಲಿದೆ, ಇದರಲ್ಲಿ ಆಕಸ್ಮಿಕವೆಂಬುದಿಲ್ಲ ಎಂದೇ ಹೇಳುತ್ತಿದ್ದ. ಬೇಕನ್ನನಾದರೋ ತನ್ನ ಚಿತ್ರಗಳಲ್ಲಿ ಒಳ್ಳೆಯದೆಲ್ಲ ಆಕಸ್ಮಿಕದಿಂದ ಬಂದದ್ದು ಎನ್ನುತ್ತಿದ್ದ. ಅವನ 1946ರ ಪ್ರಸಿದ್ಧ ಚಿತ್ರವೊಂದು ಈಗ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿದೆ. ಬಯಲಿಗೆ ಇಳಿಯುತ್ತಿರುವ ಹಕ್ಕಿಯನ್ನು ಬರೆಯಲು ಹೊರಟವನಿಗೆ, ಎಳೆದ ಗೆರೆಗಳೇ ಬೇರೇನನ್ನೋ ಸೂಚಿಸಿ, ಕೊನೆಗೆ ಕೊಡೆಯ ಕೆಳಗೆ ಕೂತ ಮನುಷ್ಯ ಮತ್ತು ಅವನ ಹಿಂದೆ ತೂಗುಹಾಕಿದ, ಸೀಳಿದ ದನದ ದೇಹ ಬಂದವು. ನಲವತ್ತು ತುಂಡುಗಳ ನಂತರ ನನಗೆ ಇಬ್ಬರ ಮಾತೂ ಒಂದೇ ಎನ್ನಿಸುತ್ತದೆ. ಪೊಲಾಕ್ ಆಕಸ್ಮಿಕವನ್ನು ತನ್ನ ಕೈಗೆ ಹೊಂದುವಷ್ಟು ಕಲಿತು ಮಾತಾಡುತ್ತಿದ್ದಾನೆ. ಬೇಕನ್ ಇನ್ನೂ ಕಲಿಯದೆ ಉಳಿದ ಮುಂದಿನ ಹೆಜ್ಜೆಯ ಬಗ್ಗೆ ಮಾತಾಡುತ್ತಿದ್ದಾನೆ.

ನಮ್ಮ ಮುಂಬಯಿಯ ಕಲಾವಿದರ ಪೈಕಿ ಈ ವಿಷಯದಲ್ಲಿ ನನಗೆ ಗುರುವಿನಂತೆ ತೋರುವವರು ವಾಸುದೇವ ಗಾಯ್ತೊಂಡೆಯವರು. ಗೋವಾ ಮೂಲದ ತಂದೆತಾಯಿಗೆ 1924ರಲ್ಲಿ ನಾಗಪುರದಲ್ಲಿ ಹುಟ್ಟಿ, ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ 1948ರಲ್ಲಿ ಡಿಪ್ಲೊಮಾ ಮುಗಿಸಿ, ಬ್ರೀಚ್ ಕ್ಯಾಂಡಿಯ ಭುಲಾಭಾಯಿ ದೇಸಾಯಿ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ ಮಾಡಿದವರು. ಮುಂದೆ ದೆಹಲಿಗೆ ಹೋದರು. ಅವರು ಕುಂಚವನ್ನು ಬಹುಮಟ್ಟಿಗೆ ಬಿಟ್ಟು ರೋಲರ್ ಮತ್ತು ಚಾಕುವನ್ನು ಹಿಡಿದರು. ಬಣ್ಣದ ಪದರದ ಮೇಲೆ ಪದರ ಹಾಕಿ, ಕೆರೆದು, ಕಾಗದದ ಚೂರುಗಳನ್ನು ಒತ್ತಿ ಎತ್ತಿ, ಅಲ್ಲಿ ಉಳಿದ ಗುರುತುಗಳನ್ನು ಚಿತ್ರದ ಭಾಗವಾಗಿ ಮಾಡಿಕೊಂಡರು. ಕಾಗದ ಎತ್ತಿದ ಮೇಲೆ ಕೆಳಗೆ ಏನು ಉಳಿದಿರುತ್ತದೆಂದು ಯಾರಿಗೂ ಮೊದಲೇ ತಿಳಿಯದು. ಆದರೂ ಅವರ ಚಿತ್ರದ ಮುಂದೆ ನಿಂತವರಿಗೆ ಅಲ್ಲಿ ಯಾವುದೂ ತಾನಾಗಿ ಬಿದ್ದಂತೆ ಅನ್ನಿಸುವುದಿಲ್ಲ. ವರ್ಷಕ್ಕೆ ಬೆರಳೆಣಿಕೆಯಷ್ಟೇ ಚಿತ್ರ ಮಾಡಿದವರು ಅವರು. ಗುರುತು ಮೂಡಲು ಕ್ಷಣ ಸಾಕು. ಮಿಕ್ಕ ದಿನಗಳೆಲ್ಲ ಅದನ್ನು ನೋಡುತ್ತ ಕೂರುವುದಕ್ಕೆ ಹೋಗುತ್ತಿದ್ದಿರಬೇಕು ಎಂದು ನಾನು ಊಹಿಸುತ್ತೇನೆ.

ನಮ್ಮ ಉಡುಪಿ ಕಡೆಯಿಂದ ಬಂದು ಇದೇ ಶಹರದಲ್ಲಿ ಬಾಳಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನೂ ಇಲ್ಲಿ ನೆನೆಯಬೇಕು. ರೇಖೆಗೆ ಲಯ ಬರಲೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದವರು ಅವರು. ಅವರದು ಆಕಸ್ಮಿಕದ ದಾರಿಯಲ್ಲ, ಆದರೆ ಶಾಯಿಯ ಗೆರೆಯನ್ನು ಒಮ್ಮೆ ಎಳೆದರೆ ಅಳಿಸಲಾಗದು ಎಂಬ ಷರತ್ತಿಗೆ ಕೈಯನ್ನು ಒಪ್ಪಿಸುವುದೂ ಅದರ ನೆರೆಮನೆಯೇ.

ಇನ್ನು ನಾನು ಬಳಸಿದ ನೀಲಿಯ ಮಾತು. ಆ ಬಣ್ಣವೇ ಒಂದು ಆಕಸ್ಮಿಕದ ಮಗು ಎಂದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. 1706ರ ಸುಮಾರಿಗೆ ಬರ್ಲಿನ್ನಿನಲ್ಲಿ ಡೀಸ್‌ಬಾಖ್ ಎಂಬ ಬಣ್ಣ ತಯಾರಕ ಕಾಷಿನೀಲ್ ಹುಳುವಿನಿಂದ ಕೆಂಪು ಬಣ್ಣ ತೆಗೆಯುವ ಕೆಲಸದಲ್ಲಿದ್ದ. ಅದಕ್ಕೆ ಬೇಕಾದ ಪೊಟ್ಯಾಶ್ ಅನ್ನು ಡಿಪ್ಪೆಲ್ ಎಂಬವನಿಂದ ತಂದ. ಪ್ರಾಣಿಜನ್ಯ ಎಣ್ಣೆ ತಯಾರಿಸಲು ಒಮ್ಮೆ ಬಳಸಿ ಕಲಬೆರಕೆಯಾಗಿದ್ದ ಪೊಟ್ಯಾಶ್ ಅದು. ಅದು ಕಬ್ಬಿಣದ ಲವಣದ ಜೊತೆ ಸೇರಿದಾಗ ಕೆಂಪು ಬರಲಿಲ್ಲ, ಯಾರೂ ಕಂಡಿರದ ಗಾಢ ನೀಲಿ ಬಂತು. ಅಫಘಾನಿಸ್ತಾನದ ಕಲ್ಲನ್ನು ಅರೆದು ಮಾಡುತ್ತಿದ್ದ ದುಬಾರಿ ನೀಲಿಯ ಕಾಲದಲ್ಲಿ ಇದೊಂದು ದೊಡ್ಡ ಘಟನೆ. ಕೆಟ್ಟುಹೋದ ಪಾಕವೆಂದು ಚರಂಡಿಗೆ ಸುರಿಯಬಹುದಾಗಿದ್ದುದನ್ನು ಅವನು ಸುರಿಯಲಿಲ್ಲ. ಬಣ್ಣದವನಾದ್ದರಿಂದ ಅದರಲ್ಲಿ ಬಣ್ಣವನ್ನು ಕಂಡ.

ಹಾಗೆಂದು ಆಕಸ್ಮಿಕವನ್ನು ಹಾಡಿ ಹೊಗಳುವವರ ಜೊತೆ ನಾನು ಪೂರ್ತಿ ಸೇರಲಾರೆ. ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸಿದರೆ ನಕ್ಷತ್ರ ಮೂಡುತ್ತದೆ, ಸ್ಪಿರಿಟ್ ಹನಿಸಿದರೆ ಕಣ್ಣು ಕಣ್ಣಾದ ವೃತ್ತಗಳು ಬರುತ್ತವೆ, ಬಟ್ಟಲಿನಲ್ಲಿ ನಾಲ್ಕು ಬಣ್ಣ ಪದರಪದರವಾಗಿ ತುಂಬಿ ಕ್ಯಾನ್ವಾಸಿನ ಮೇಲೆ ಬೋರಲು ಹಾಕಿದರೆ ಅಮೃತಶಿಲೆಯಂಥ ಮೈ ಸಿಗುತ್ತದೆ. ಎಲ್ಲವೂ ಚೆಂದ, ಎಲ್ಲವೂ ಮೊದಲ ಸಲಕ್ಕೇ ಚೆಂದ. ತೊಂದರೆ ಇರುವುದೂ ಅಲ್ಲಿಯೇ. ಯಾವ ಕಲೆ ಬಿದ್ದರೂ ಒಪ್ಪುತ್ತದೆ ಎಂದಾದರೆ ಅಲ್ಲಿ ಓದುವವನಿಗೆ ಕೆಲಸವಿಲ್ಲ. ಮಲಂಗಗಡದ ಮೇಲೆ ಬಿದ್ದ ಹನಿಗೆ ಅರ್ಥ ಬಂದದ್ದು ಕೆಳಗೆ ಒಂದು ಬೆಟ್ಟವಿದ್ದುದರಿಂದ, ಆ ಬೆಟ್ಟವನ್ನು ನಾನು ಬೆಳಿಗ್ಗೆ ಒಂದು ಗಂಟೆ ನಿಂತು ನೋಡಿದ್ದರಿಂದ. ಹಾಳಾಗಬಹುದಾದದ್ದು ಏನೋ ಒಂದು ಮೊದಲೇ ಇರಬೇಕು.

ಹಾಗೆ ಓದಲಾರದೆ ಕಳೆದುಕೊಂಡದ್ದೂ ಒಂದಿದೆ. ಅಮ್ಮ ಬಂದ ಆ ವರ್ಷಕ್ಕೂ ಬಹಳ ಹಿಂದೆ ವಸಯಿ ಖಾಡಿಯ (ಕಡಲ ಹಿನ್ನೀರಿನ) ಚಿತ್ರವೊಂದರಲ್ಲಿ, ಬೋರ್ಡನ್ನು ಓರೆಯಾಗಿ ಇಟ್ಟು ಫೋನಿಗೆಂದು ಎದ್ದು ಹೋದಾಗ, ದಡದ ಹಸಿರು ಇಳಿದುಬಂದು ನೀರಿನ ಮೇಲೆ ಬಾಚಣಿಗೆಯ ಹಲ್ಲಿನಂತೆ ನಿಂತಿತ್ತು. ನಾನು ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದುಬಿಟ್ಟೆ. ನಾಲ್ಕು ದಿನಗಳ ನಂತರ ಲೋಕಲ್ ಟ್ರೇನಿನಲ್ಲಿ ಖಾಡಿಯ ಸೇತುವೆ ದಾಟುವಾಗ, ನೀರು ಇಳಿದ ಕೆಸರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳು ಹಲ್ಲುಹಲ್ಲಾಗಿ ಎದ್ದು ನಿಂತಿದ್ದನ್ನು ಕಂಡು ಎದೆ ಧಸಕ್ಕೆಂದಿತು. ಹುಳು ಬರೆದಿತ್ತು. ನಾನು ಅದರ ಭಾಷೆಯನ್ನು ನಾಲ್ಕು ದಿನ ತಡವಾಗಿ ಕಲಿತೆ.

ಆ ತೊಳೆದ ಹಾಳೆಯ ನೋವಿನಿಂದಲೂ, ಅಮ್ಮನ ಮಾತಿನಿಂದಲೂ ಈಗ ನನ್ನ ಕ್ರಮ ಬದಲಾಗಿದೆ. ಅನಿರೀಕ್ಷಿತವಾದದ್ದು ಏನು ನಡೆದರೂ ಅಂದು ಕೈ ಹಾಕುವುದಿಲ್ಲ. ಹಾಳೆ ಪೂರ್ತಿ ಒಣಗಿದ ಮೇಲೆ ಅಡಿಗೆಮನೆಯ ಬಾಗಿಲಿಗೆ ಎದುರಾದ ಗೋಡೆಗೆ ಅಂಟಿಸುತ್ತೇನೆ, ಏಕೆಂದರೆ ಅಲ್ಲಿ ನಾನು ಚಿತ್ರಕಾರಳಾಗಿ ನೋಡುವುದಿಲ್ಲ. ಹಾಲು ಉಕ್ಕದಂತೆ ಕಾಯುತ್ತ, ಪಾತ್ರೆ ಒರೆಸುತ್ತ ಓರೆಗಣ್ಣಿನಲ್ಲಿ ನೋಡುತ್ತೇನೆ. ಕೆಲವು ಕಲೆಗಳು ಮೂರನೆಯ ದಿನಕ್ಕೆ ಬರಿಯ ಕಲೆಯಾಗಿಬಿಡುತ್ತವೆ, ಅವುಗಳ ಹಿಂಬದಿಯನ್ನು ಬಣ್ಣ ಪರೀಕ್ಷಿಸಲು ಇಟ್ಟುಕೊಳ್ಳುತ್ತೇನೆ. ಕೆಲವಕ್ಕೆ ಒಂದು ಗೆರೆ, ಒಂದು ದಡ, ಒಂದು ದೀಪದ ಕಂಬ ಸೇರಿದರೆ ಸಾಕಾಗುತ್ತದೆ. ಕಳೆದ ಮಳೆಗಾಲದ ಹನ್ನೆರಡು ಹಾಳೆಗಳಲ್ಲಿ ಚಿತ್ರವಾಗಿ ಉಳಿದವು ಮೂರು.

ಒಂದು ಮಾತ್ರ ಎರಡೂ ಆಗದೆ ಗಣೇಶ ಚೌತಿಯಿಂದ ಗೋಡೆಯ ಮೇಲೇ ಇದೆ. ಎಡಗಡೆ ಕೆಳಮೂಲೆಯಲ್ಲಿ ತುಕ್ಕಿನ ಬಣ್ಣದ ಒಂದು ಹರವು, ಅದರ ನಡುವೆ ನೀರು ಬಿಟ್ಟುಹೋದ ಬಿಳಿಯ ಕವಲು. ಫೋನಿನಲ್ಲಿ ಅದರ ಫೋಟೊ ನೋಡಿದ ಅಮ್ಮ, ‘ಏನೋ ಇದೆ, ಆದ್ರೆ ಏನು ಅಂತ ಗೊತ್ತಾಗ್ತಿಲ್ಲ ಕಣೆ’ ಎಂದಿದ್ದಾರೆ. ಕಳೆದ ವಾರ ಅದನ್ನು ತಲೆಕೆಳಗು ಮಾಡಿ ಅಂಟಿಸಿದ್ದೇನೆ.